ಬೀಗಿತ್ತಿಯನ್ನು ಬೈಯಲು ಮರಳಿ ಬಂದ ರಾಗ

ಒಂದು ಭಾನುವಾರ ನನ್ನ ಡೈರಿ ಕಳುವಾಯಿತು. ಕದ್ದವಳು ಅವ್ವ.

ಸಿಕ್ಕಿದ್ದು ಅಡುಗೆಮನೆಯಲ್ಲಿ, ಒಗ್ಗರಣೆ ಡಬ್ಬಿಯ ಕೆಳಗೆ. ಅಕ್ಕನ ನಿಶ್ಚಿತಾರ್ಥದ ದಿನದ ಪುಟ ತೆರೆದಿತ್ತು. ಪೆನ್ಸಿಲ್ಲಿನಲ್ಲಿ ಆರು ಕಡೆ ಅಡಿಗೆರೆ. ಏಳನೇ ಕ್ಲಾಸಿಗೆ ಓದು ಬಿಟ್ಟ ಅವ್ವ ನಾನು ಬರೆದದ್ದನ್ನು ಇಷ್ಟು ಶ್ರದ್ಧೆಯಿಂದ ಓದಿದ್ದು ಅದೇ ಮೊದಲು. (ಈ ಅಂಕಣವನ್ನು ಅವಳು ಇದುವರೆಗೆ ಓದಿಲ್ಲ. ಈ ವಾರ ಓದದಿದ್ದರೇ ಒಳ್ಳೆಯದು.)

ಆ ಪುಟದಲ್ಲಿ ಇದ್ದದ್ದು ಇಷ್ಟು. ಬರುತ್ತೇವೆ ಅಂದವರು ಇಪ್ಪತ್ತೈದು ಜನ, ಬಂದವರು ಅರವತ್ತೊಂದು. 'ನಮ್ಮದೇನೂ ಡಿಮ್ಯಾಂಡಿಲ್ಲ' ಎಂದು ಬೀಗರು, ಅಂದರೆ ಭಾವನ ಅಪ್ಪ, ಹೇಳಿದ್ದು ಒಂಬತ್ತು ಸಲ. ಅವರು ಬೇಡ ಬೇಡ ಅನ್ನುತ್ತಲೇ ತಿಂದ ಹೋಳಿಗೆ ಏಳು. ಬೀಗಿತ್ತಿ ರತ್ನಮ್ಮನವರು ನಕ್ಕಿದ್ದು ಸೊನ್ನೆ ಸಲ.

ರತ್ನಮ್ಮನವರು ಹೊಸದುರ್ಗದಲ್ಲಿ ಹೊಲಿಗೆ ಕ್ಲಾಸ್ ನಡೆಸುತ್ತಾರೆ. ಅವರಿಗೆ ಟೇಪ್ ಬೇಕಿಲ್ಲ. ಎದುರಿಗೆ ಬಂದವರನ್ನೆಲ್ಲ ಕಣ್ಣಲ್ಲೇ ಅಳೆಯುತ್ತಾರೆ. ಆ ದಿನ ಅವ್ವನ ಹೊಸ ರವಿಕೆಯನ್ನು ಒಂದು ಸಲ ನೋಡಿ, ಎಡಗಡೆ ತೋಳು ಅರ್ಧ ಇಂಚು ಉದ್ದ ಬಂದಿದೆ ಅಂದಿದ್ದರು. ಸಂಜೆ ನಾನು ಸ್ಕೇಲ್ ಹಿಡಿದು ನೋಡಿದೆ. ಸರಿಯಾಗಿ ಅರ್ಧ ಇಂಚು. ಅವ್ವನಿಗೆ ಹೇಳುವ ಧೈರ್ಯ ಸಾಲದೆ ಬರೆದಿಟ್ಟಿದ್ದೆ. ಆ ಸಾಲಿನ ಕೆಳಗೆ ಮಾತ್ರ ಎರಡು ಗೆರೆ.

ಇದೆಲ್ಲ ನಿನಗೆ ಯಾಕೆ ಎಂದು ಕೇಳಿದೆ. ಅವ್ವ ಸಾರು ತಿರುವುತ್ತಲೇ ಹೇಳಿದಳು: "ಪದ ಕಟ್ಟಾಕೆ."

ನಾನು ತಿರುಗಿ ಕೇಳಬೇಕಾಯಿತು. ಯಾಕೆಂದರೆ ನನ್ನ ಇಪ್ಪತ್ತನಾಲ್ಕು ವರ್ಷಗಳಲ್ಲಿ ಅವ್ವ ಹಾಡಿದ್ದನ್ನು ನಾನು ಕೇಳಿಲ್ಲ. ಟಿವಿ ಜೊತೆ ಗುನುಗಿದ್ದೂ ಇಲ್ಲ. ಬಬ್ಬೂರಿನಲ್ಲಿ ಫಾರಂ ಕೆಲಸಕ್ಕೆ ಹೋಗುತ್ತಾಳೆ, ಕಳೆ ಕೀಳುತ್ತಾಳೆ, ಬರುತ್ತಾಳೆ, ಮುದ್ದೆ ತಿರುವುತ್ತಾಳೆ. ನಲವತ್ತೊಂಬತ್ತು ವಯಸ್ಸು. ಈಗ ಯಾವ ಪದ?

ಹೊರಗಿನವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ಕಡೆ ಧಾರೆ ಮುಗಿದ ಮೇಲೆ ಭೂಮ ಅಂತ ಒಂದು ಊಟ ಇರುತ್ತದೆ. ಗಂಡು, ಹೆಣ್ಣು, ಎರಡೂ ಕಡೆಯ ಬೀಗರು ಒಟ್ಟಿಗೆ ಕೂತು ಉಣ್ಣಬೇಕು. ಆಗ ಹೆಣ್ಣಿನ ಕಡೆಯ ಹೆಂಗಸರು ಗಂಡಿನ ಕಡೆಯವರನ್ನು ಹಾಡಿನಲ್ಲಿ ಹಂಗಿಸುತ್ತಾರೆ. ಮೂಗು, ಹೊಟ್ಟೆ, ಜಿಪುಣತನ, ಯಾವುದಕ್ಕೂ ರಿಯಾಯಿತಿ ಇಲ್ಲ. ಅವರೂ ಹಾಡಿನಲ್ಲೇ ತಿರುಗಿ ಕೊಡಬೇಕು. ಮುನಿಸಿಕೊಂಡರೆ ಸೋತ ಹಾಗೆ. ಈಗೀಗ ಡಿಜೆ ಬಂದು ಈ ಕೆಲಸ ನಿಂತಿದೆ. (ಡಿಜೆ ಎರಡೂ ಕಡೆಯವರ ಕಿವಿಯನ್ನು ಸಮನಾಗಿ ಹಂಗಿಸುತ್ತದೆ.)

ಅವ್ವನ ತವರು ಯಲ್ಲದಕೆರೆ. ಹದಿನಾರನೇ ವಯಸ್ಸಿಗೇ ಅಲ್ಲಿ ಪದ ಎತ್ತುವವಳು ಅವಳಂತೆ. ಅಂದರೆ ಮೊದಲ ಸಾಲು ಅವಳದು, ಉಳಿದವರು ಹಿಂದಿನಿಂದ ಸೊಲ್ಲು ಕೊಡುವುದು. ಅವಳ ಮದುವೆಯಲ್ಲಿ ಅವಳೇ ಹಾಡುವಂತಿರಲಿಲ್ಲವಲ್ಲ, ಅದಕ್ಕೆ ಗುಟ್ಟಾಗಿ ಪದ ಕಟ್ಟಿ ಗೆಳತಿಯರಿಗೆ ಕಲಿಸಿದ್ದಳು. ಎಂಟು ನುಡಿ, ಎಂಟೂ ಅತ್ತೆಯ ಮೇಲೆ. ಆ ಅತ್ತೆಯೇ ನನ್ನ ಅಜ್ಜಿ. ಅಜ್ಜಿ ಭೂಮದಿಂದ ಎದ್ದುಹೋದಳು. ಪದ ಕಟ್ಟಿದವಳು ಯಾರೆಂದು ಸಂಜೆಯೊಳಗೆ ತಿಳಿಯಿತು. ಮುಂದೆ ಮೂರು ವರ್ಷ ಅಜ್ಜಿ ಸೊಸೆಯನ್ನು ಹೆಸರು ಹಿಡಿದು ಕರೆಯಲಿಲ್ಲ. ನಿಮ್ಮೂರ ಬಾಯಿ ನಮ್ಮನೆಯಲ್ಲಿ ಬಿಚ್ಚಬೇಡ ಎಂದು ಒಂದೇ ಮಾತು ಹೇಳಿದಳಂತೆ. ಅವ್ವ ಬಿಚ್ಚಲಿಲ್ಲ. ಇಪ್ಪತ್ತೆಂಟು ವರ್ಷ.

ನಡುವಯಸ್ಸಿನಲ್ಲಿ ಸಂಗೀತ ಮರಳಿ ಬಂದವರನ್ನು ನಾನು ನೋಡಿದ್ದೇನೆ. ನಮ್ಮ ಸ್ಕೂಲಿನ ಹೆಡ್‌ಮಾಸ್ಟರು ಐವತ್ತಕ್ಕೆ ಕೀಬೋರ್ಡ್ ಕೊಂಡರು. ಪಕ್ಕದ ಬೀದಿಯ ಕಂಡಕ್ಟರು ಮೊಬೈಲಿನಲ್ಲಿ ಕರೋಕೆ ಹಾಡುತ್ತಾರೆ. ಕೇಳಿದರೆ ಇಬ್ಬರೂ ಮನಶ್ಶಾಂತಿ ಅನ್ನುತ್ತಾರೆ. ಅವ್ವನಿಗೆ ಶಾಂತಿಯ ಕೊರತೆ ಇರಲಿಲ್ಲ. ಒಬ್ಬರನ್ನು ರಾಗವಾಗಿ ಬೈಯಬೇಕಿತ್ತು, ಅಷ್ಟೆ.

ಕಷ್ಟ ಏನೆಂದರೆ ರಾಗ ಮರೆತಿತ್ತು. ಮೂರು ದಿನ ಪಾತ್ರೆ ಉಜ್ಜುತ್ತಾ ಗುನುಗಿದಳು. ಪ್ರತಿ ಸಲವೂ ಎರಡನೇ ಸಾಲಿನ ತಿರುವಿನಲ್ಲಿ ಬಸ್ಸು ಕೆಟ್ಟು ನಿಂತ ಹಾಗೆ ನಿಲ್ಲುತ್ತಿದ್ದಳು. ನಾಲ್ಕನೇ ದಿನ ಹೀಗೆ ನಿಂತಾಗ ಜಗಲಿಯಿಂದ ಇನ್ನೊಂದು ದನಿ ಆ ಸಾಲನ್ನು ಮುಂದಕ್ಕೆ ತಳ್ಳಿತು.

ಅಜ್ಜಿ. ಎಪ್ಪತ್ತೊಂಬತ್ತು ವಯಸ್ಸು, ಮಡಿಲಲ್ಲಿ ಶೇಂಗಾ. ಸುಲಿಯುವುದನ್ನು ನಿಲ್ಲಿಸದೆ, ತನ್ನ ಮೇಲೆಯೇ ಕಟ್ಟಿದ್ದ ಪದವನ್ನು ಎಂಟೂ ನುಡಿ ತಪ್ಪಿಲ್ಲದೆ ಹೇಳಿದಳು. ತನ್ನ ಮೆಳ್ಳೆಗಣ್ಣಿನ ನುಡಿ ಬಂದಾಗ ಇನ್ನಷ್ಟು ಎಳೆದು ಹೇಳಿದಳು.

ಅವ್ವ ಕೈಯಲ್ಲಿ ಬೂದಿ ಹಿಡಿದೇ ಬಾಗಿಲಿಗೆ ಬಂದು, ಅತ್ತೆ, ಇದೆಲ್ಲ ನಿಮಗೆ ಹೇಗೆ ನೆನಪಿದೆ ಎಂದು ಕೇಳಿದಳು.

"ಹಾಡಿದೋರು ಮರೀತಾರೆ ಕಣೆ," ಅಂದಳು ಅಜ್ಜಿ. "ಹಾಡಿಸ್ಕಂಡೋಳು ಮರೀತಾಳೇನು?"

ಹೀಗೆ ಇಪ್ಪತ್ತೆಂಟು ವರ್ಷದ ನಿಷೇಧ ಎದ್ದುಹೋಯಿತು. ಯಾರೂ ಆದೇಶ ಹೊರಡಿಸಲಿಲ್ಲ. ಅಂದಿನಿಂದ ಅಜ್ಜಿ ಗುರು, ಅವ್ವ ಶಿಷ್ಯೆ. ಮೊದಲ ವಾರ ದಿನಕ್ಕೆ ನಾಲ್ಕು ಸಲ ಇದ್ದ ಗುನುಗು ಮೂರನೇ ವಾರಕ್ಕೆ ಮೂವತ್ತೊಂದಕ್ಕೆ ಏರಿತು. ಅದೇ ಅವಧಿಯಲ್ಲಿ ಸಾರಿಗೆ ಉಪ್ಪು ಬೀಳದ ದಿನಗಳು ಐದು. ಫಾರಂನಲ್ಲಿ ಕಳೆ ಸಾಲಿನ ಮೂವರು ಹೆಂಗಸರು ಸೊಲ್ಲು ಕೊಡಲು ತಯಾರಾದರು.

ಹೆದರಿದವರು ಇಬ್ಬರು, ಅಪ್ಪ ಮತ್ತು ಅಕ್ಕ. ಒಂದು ದಿನ ಉಣ್ಣುವಾಗ ಅಪ್ಪ ತಟ್ಟೆ ಸರಿಸಿ ಹೇಳಿದರು: "ಲೇ, ಮಗಳು ಬಾಳಬೇಕಾದ ಮನೆ ಅದು. ನಿನ್ನ ಬಾಯಿ ಚಪಲಕ್ಕೆ ಅವಳೂ ಮೂರು ವರ್ಷ ಅನುಭವಿಸ್ಬೇಕಾ?"

ಜಗಲಿಯಲ್ಲಿ ಶೇಂಗಾ ಸುಲಿಯುವ ಸದ್ದು ನಿಂತಿತು. ಅಜ್ಜಿ ಅಲ್ಲಿಂದಲೇ, ನನ್ನ ವಿಷಯ ನನಗೆ ಕೇಳುವ ಹಾಗೆ ಆಡಬೇಡವೋ ಎಂದಳು. ಯಾರೂ ನಗಲಿಲ್ಲ. ಯಾಕೆಂದರೆ ಅಪ್ಪ ಹೇಳಿದ್ದು ನಿಜ. ಹೆಸರಿಲ್ಲದೆ ಮೂರು ವರ್ಷ ಕಳೆಯುವುದು ಹೇಗೆಂದು ಅವ್ವನಿಗಿಂತ ಚೆನ್ನಾಗಿ ಗೊತ್ತಿದ್ದವರು ಯಾರು? ಮದುವೆಗೆ ಎರಡು ದಿನ ಇರುವಾಗ ಅಕ್ಕ ಅವ್ವನ ಕೈ ಹಿಡಿದು ಮಾತು ತೆಗೆದುಕೊಂಡಳು. ಹಾಡಲ್ಲ ಅಂತ ಅವ್ವ ಒಪ್ಪಿದಳು. ನಾನು ಸಾಕ್ಷಿ.

ಮದುವೆ ಹಿರಿಯೂರಿನ ಒಂದು ಕಲ್ಯಾಣ ಮಂಟಪದಲ್ಲಿ. ಧಾರೆ ಸುಸೂತ್ರ. ಭೂಮಕ್ಕೆ ಎಲೆ ಹಾಕಿದರು. ಎಲ್ಲರೂ ಕೂರುವಷ್ಟರಲ್ಲಿ ರತ್ನಮ್ಮನವರು ಅಕ್ಕನ ಮುಂದೆ ಬಗ್ಗಿ, ಇನ್ನೂರು ಜನರ ಎದುರು ಅವಳ ಸೀರೆಯ ನೆರಿಗೆ ಬಿಚ್ಚಿ ಹೊಸದಾಗಿ ಹಿಡಿಯತೊಡಗಿದರು. "ಯಾರಮ್ಮ ಉಡ್ಸಿದ್ದು? ಒಂದು ಮೇಲೆ, ಒಂದು ಕೆಳಗೆ ಅವೆ."

ಉಡಿಸಿದ್ದು ಅವ್ವ. ಬೆಳಗ್ಗೆಯೇ ಎದ್ದು, ಒಂಬತ್ತು ನೆರಿಗೆ, ಒಂದೊಂದನ್ನೂ ಬೆರಳಲ್ಲಿ ತೀಡಿ ಉಡಿಸಿದ್ದಳು. ಅವ್ವ ಅಕ್ಕನನ್ನು ನೋಡಿದಳು. ಅಕ್ಕ ಬೇಡ ಎಂದು ತಲೆಯಾಡಿಸಿದಳು. ಅವ್ವ ಬಾಯಿ ತೆರೆದಳು.

ಕಣ್ಣಾಗೆ ಅಳತೀಯ ತಗದಾಳೆ ಬೀಗಿತ್ತಿ
ಟೇಪು ಯಾತಕೆ ಬೇಕವ್ವ
ನಗು ಒಂದು ಹೊಲಿಯಾಕೆ ಬಟ್ಟೇಯೆ ಸಾಲಾದೆ
ತುಟಿಗೆ ಗುಂಡೀಯ ಬಿಗಿದಾಳೆ

ಫಾರಂನ ಮೂವರು ಸರಿಯಾಗಿ ಅವಳ ಹಿಂದೆಯೇ ನಿಂತಿದ್ದರು. (ಆಕಸ್ಮಿಕವಂತೆ.) ಸೊಲ್ಲು ಎದ್ದಿತು. ಅವ್ವನ ದನಿ ಇಂಪು ಎಂದು ಹೇಳಿದರೆ ಸುಳ್ಳಾಗುತ್ತದೆ. ಒರಟು, ಅಗಲ, ಮೈಕ್ ಇಲ್ಲದೆ ಮಂಟಪದ ಹಿಂದಿನ ಗೋಡೆಗೆ ತಾಗುವಂಥದ್ದು. ಇಷ್ಟು ದೊಡ್ಡ ವಸ್ತು ನಮ್ಮ ಎರಡು ಕೋಣೆಯ ಮನೆಯಲ್ಲಿ ಎಲ್ಲಿ ಅಡಗಿತ್ತು? ಎರಡನೇ ನುಡಿ ಹೋಳಿಗೆಯದು. ಬೀಗರು ಬಾಯಲ್ಲಿದ್ದುದನ್ನು ನುಂಗಲಾಗದೆ ನಕ್ಕು ಕೆಮ್ಮಿದರು. ಮೂರನೆಯದು ಅರವತ್ತೊಂದು ಜನರದು. ನಾಲ್ಕನೆಯದು ಅರ್ಧ ಇಂಚಿನದು. ನಮ್ಮ ಕಡೆಯವರು ಎಲೆ ಬಡಿದು ನಕ್ಕರು.

ಈಗ ಅವರ ಸರದಿ. ಅವರ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಾಕೆ ಯಾವುದೋ ಸಿನಿಮಾ ಹಾಡು ಶುರು ಮಾಡಿ, ಅದರಲ್ಲಿ ಬೈಗುಳ ಇಲ್ಲವೆಂದು ಹೊಳೆದು ನಿಲ್ಲಿಸಿದಳು. ರತ್ನಮ್ಮನವರು ನಾಲ್ಕೂ ನುಡಿ ಮುಗಿಯುವವರೆಗೆ ಅವ್ವನನ್ನೇ ನೋಡುತ್ತಿದ್ದರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಆಮೇಲೆ ಹೇಳಿದ್ದು ಇಷ್ಟೇ: "ಕುಂತ್ಕಳ್ರಿ. ಊಟ ಆರ್ತೈತೆ."

ಸಂಜೆ ಅಕ್ಕ ಹೊಸದುರ್ಗದ ಕಾರು ಹತ್ತಿದಳು. ಅಪ್ಪನನ್ನು ತಬ್ಬಿದಳು, ಅಜ್ಜಿಯನ್ನು ತಬ್ಬಿದಳು, ನನ್ನನ್ನೂ. ಅವ್ವನ ಕಾಲಿಗೆ ಬಿದ್ದಳು, ಮುಖ ನೋಡಲಿಲ್ಲ.

ಆಮೇಲಿನ ದಿನಗಳನ್ನು ಹೇಗೆ ಹೇಳಲಿ? ಅಕ್ಕನ ಫೋನ್ ದಿನಾ ಬರುತ್ತಿತ್ತು, ಎರಡು ನಿಮಿಷ ದಾಟುತ್ತಿರಲಿಲ್ಲ. ಅತ್ತೆ ಏನಂದರು ಎಂದು ಅವ್ವ ದಿನಾ ಕೇಳುತ್ತಿದ್ದಳು. ಏನೂ ಅಂದಿಲ್ಲ ಎಂದು ಅಕ್ಕ ದಿನಾ ಹೇಳುತ್ತಿದ್ದಳು. ನಾನೂ ಮೂರು ವರ್ಷ ಏನೂ ಅನ್ನಲಿಲ್ಲ ಎಂದು ಅಜ್ಜಿ ಒಮ್ಮೆ ಬಾಯಿತಪ್ಪಿ ಹೇಳಿ, ಆ ದಿನ ಅರ್ಧ ಮುದ್ದೆ ಬಿಟ್ಟಳು. ಒಮ್ಮೆ ಅಕ್ಕ ಫೋನಿನಲ್ಲಿ, ಅತ್ತೆ ಹೊಳಲ್ಕೆರೆಯಲ್ಲಿರುವ ತಮ್ಮ ಅಕ್ಕನ ಮನೆಗೆ ಹೋಗಿದ್ದಾರೆ ಎಂದಳು. ನಾಲ್ಕು ದಿನ ಬಿಟ್ಟು ಮತ್ತೆ ಹೊಳಲ್ಕೆರೆ. ಮನೆ ಬಿಟ್ಟು ಹೋಗುವಷ್ಟು ಸಿಟ್ಟೇ ಎಂದು ಅವ್ವ ಕುಸಿದಳು. ಗುನುಗು ಸೊನ್ನೆಗೆ ಇಳಿಯಿತು. ಸಾರಿಗೆ ಉಪ್ಪು ಸರಿಯಾಗಿ ಬೀಳತೊಡಗಿತು. ಅಪ್ಪನೇ ಒಂದು ದಿನ, ಏನಾದರೂ ಹಾಡಬಾರದೇನೆ ಎಂದರು. ಅವ್ವ ಕೇಳಿಸದವಳಂತೆ ಒಳಗೆ ಹೋದಳು.

ಹದಿನೇಳನೇ ದಿನ ಮಧ್ಯಾಹ್ನ ನನ್ನ ಮೊಬೈಲಿಗೆ ಒಂದು ವಾಯ್ಸ್ ಮೆಸೇಜ್ ಬಂತು. ರತ್ನಮ್ಮನವರ ನಂಬರು. ಮೂರು ನಿಮಿಷ ಐವತ್ತೆರಡು ಸೆಕೆಂಡು. ಅಷ್ಟು ಉದ್ದ ಯಾರು ಬೈಯುತ್ತಾರೆ? ಅವ್ವ ಮೊಬೈಲ್ ಮೇಲೆ ಕೈಯಿಟ್ಟು ಬೇಡ ಅಂದಳು. ಬಂದದ್ದನ್ನು ಕೇಳಲೇಬೇಕು, ಹಾಕು ಅಂದಳು ಅಜ್ಜಿ.

ಹಾಕಿದೆ. ಒಂದು ಕೆಮ್ಮು. ಆಮೇಲೆ ರತ್ನಮ್ಮನವರು ಹಾಡತೊಡಗಿದರು. ಶ್ರುತಿ ಹೊಸದುರ್ಗದಲ್ಲಿ, ರಾಗ ಹೊಳಲ್ಕೆರೆಯಲ್ಲಿ. ಆದರೆ ಹಾಡು.

ಐದಕ್ಕೆ ಅಲಾರಾಮು ಇಟ್ಟಾನೆ ಬೀಗಪ್ಪ
ಬೀದಿ ಎದ್ದಾರು ತಾ ಏಳ
ಹೊಸಸೀರೆ ತಂದಾಳೆ, ರಾಗ್ಯಾಗೆ ಹುಗಿದಾಳೆ
ಹಳೆಯಾದು ಕಣ್ರೀ ಅಂದಾಳೆ

ಅಪ್ಪ ನಿಧಾನವಾಗಿ ತಿರುಗಿ ರಾಗಿ ಡ್ರಮ್ಮಿನ ಕಡೆ ನೋಡಿದರು. ಅವ್ವ ಹೊಸ ಸೀರೆಯನ್ನು ರಾಗಿಯೊಳಗೆ ಎರಡು ತಿಂಗಳು ಹೂತಿಟ್ಟು, ಆಮೇಲೆ ತೆಗೆದು ಹಳೆಯದು ಅನ್ನುವುದು ಈ ಲೋಕದಲ್ಲಿ ಮೂವರಿಗೆ ಮಾತ್ರ ಗೊತ್ತು. ಅವ್ವ, ಅಕ್ಕ, ನಾನು. ನಾನು ಹೇಳಿಲ್ಲ. ಅವ್ವ ಹೇಳಿರಲಾರಳು.

ಎರಡನೇ ನುಡಿಗೆ ಹಿಂದಿನಿಂದ ಸೊಲ್ಲು ಎದ್ದಿತು. ನಾಲ್ಕೈದು ಹೆಂಗಸರು, ಹೊಲಿಗೆ ಕ್ಲಾಸಿನವರಿರಬೇಕು. ಅವರೆಲ್ಲರ ಮೇಲೆ ಒಂದು ದನಿ. ಒರಟು, ಅಗಲ. ಅವ್ವ ಮೊಬೈಲನ್ನು ಕಿವಿಗೆ ಒತ್ತಿಕೊಂಡಳು.

"ಇದು ನಮ್ಮ ಹುಡುಗಿ ಅಲ್ವಾ ಅತ್ತೆ?"

"ಅವಳೇ," ಅಂದಳು ಅಜ್ಜಿ. "ಸೊಲ್ಲಿಗೆ ಸೇರಿಸ್ಕಂಡವ್ರೆ ಅಂದ್ರೆ ಮುನಿಸಿಲ್ಲ ಬಿಡು. ನಂಗೆ ಈ ಬುದ್ಧಿ ಇರ್ಲಿಲ್ಲ."

ಅವ್ವ ಅದನ್ನು ಏಳು ಸಲ ಕೇಳಿದಳು. ಐದನೇ ಸಲ ಅತ್ತಳು, ಆರನೇ ಸಲ ಮೂರನೇ ನುಡಿಯಲ್ಲಿ ತಾಳ ತಪ್ಪಿದೆ ಅಂದಳು.

ಸಂಜೆ ಅಕ್ಕ ಫೋನಿನಲ್ಲಿ ಎಲ್ಲ ಒಪ್ಪಿಕೊಂಡಳು. ಮದುವೆಯ ಮಾರನೇ ದಿನವೇ ರತ್ನಮ್ಮನವರು, ಇನ್ನೂರು ಜನರ ಮುಂದೆ ಸೋತು ಬಂದೆನಲ್ಲ, ಮದುವೆಗೆ ಮುಂಚೆ ನಾನೂ ಹಾಡುತ್ತಿದ್ದವಳೇ ಎಂದು ಹೊಲಿಗೆ ಮಷಿನ್ ಮುಚ್ಚಿಟ್ಟರಂತೆ. ಹೊಳಲ್ಕೆರೆಗೆ ಹೋದದ್ದು ಅವರಕ್ಕನ ಹತ್ತಿರ ರಾಗ ಕಲಿಯಲು. ವಿಷಯ ಬೇಕಲ್ಲ, ಅದಕ್ಕೆ ಸೊಸೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಟೀ ಕೊಟ್ಟು, ನಿಮ್ಮ ಮನೆ ಕಥೆ ಹೇಳಮ್ಮ ಅಂದರಂತೆ. ಬಾಯಿ ಬಿಟ್ಟರೆ ಗುಟ್ಟು ರಟ್ಟಾದೀತು ಎಂದು ಅಕ್ಕ ದಿನಾ ಎರಡು ನಿಮಿಷಕ್ಕೇ ಫೋನ್ ಇಡುತ್ತಿದ್ದಳಂತೆ. ಒಂದು ಟೀಗೆ ಇಪ್ಪತ್ತಾರು ವರ್ಷದ ತವರು ಹೊರಗೆ ಬಂತು.

ಮರುದಿನದಿಂದ ಅವ್ವ ಮತ್ತೆ ಗುನುಗುತ್ತಿದ್ದಾಳೆ. ನಿನ್ನೆ ಇಪ್ಪತ್ತೆರಡು ಸಲ. ಎಂಟು ನುಡಿಯ ಹೊಸ ಪದ ಅರ್ಧ ಮುಗಿದಿದೆ. ಈ ಸಲ ಬೈಸಿಕೊಳ್ಳುವವರು ರತ್ನಮ್ಮನವರಲ್ಲ, ಅಕ್ಕ. ಅವಳೀಗ ಬೀಗರ ಕಡೆಯವಳು ತಾನೇ ಎನ್ನುವುದು ಅವ್ವನ ವಾದ. ಹಾಗೆ ಹೇಳುವಾಗ ಅವಳ ಮುಖದಲ್ಲಿ ಇರುವ ಖುಷಿಗೆ ಯಾವ ಅಳತೆ ಹಿಡಿಯುವುದೋ ನನಗೆ ತಿಳಿಯುತ್ತಿಲ್ಲ.

ನನಗಿರುವ ಪ್ರಶ್ನೆ ಬೇರೆ: ತವರನ್ನೇ ಒಂದು ಲೋಟ ಟೀಗೆ ಬಿಟ್ಟುಕೊಟ್ಟ ಮಗಳಿಗೆ ಬರೀ ಎಂಟು ನುಡಿ ಸಾಕೇ?