ಅಪ್ಪ ಹೊಗಳಿದ ಹುಳಿ

ನನ್ನದು ಹುಟ್ಟಿನಿಂದಲೇ ಅನುಮಾನದ ಸ್ವಭಾವ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತನ್ನು ಹಾಲು ನೋಡಿಯೂ ಹೇಳುವವಳು ನಾನು. ಹಾಗಾಗಿ ತೊಂಬತ್ತರ ದಶಕದ ಕೊನೆಯಲ್ಲಿ, ಕಾಪುವಿನ ನಮ್ಮ ಮನೆಯಲ್ಲಿ ಅಮ್ಮ ಇದ್ದಕ್ಕಿದ್ದಂತೆ, "ಮಂಡಿನೋವು, ಇವತ್ತು ನೀನೇ ಬೇಯಿಸು" ಎಂದಾಗ ನಾನು ನಂಬಲಿಲ್ಲ. ಮಂಡಿ ನೋಯುವವಳು ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ಹುಲ್ಲು ಕೀಳುತ್ತಾಳೆಯೇ? ದೇವರ ಕೋಣೆಯತ್ತಲೂ ಅವಳು ಸುಳಿಯುತ್ತಿರಲಿಲ್ಲ.

ಪೀಡಿಸಿ ಕೇಳಿದ ಮೇಲೆ ಬಾಯಿ ಬಿಟ್ಟಳು. "ನಿಂತು ಎಷ್ಟೋ ವರ್ಷ ಆಗಿತ್ತು ಮಾರಾಯ್ತಿ, ಈಗ ಪುನಃ ಶುರುವಾಗಿದೆ. ಮುಟ್ಟಾಗಿ ದೇವರ ಅಡುಗೆ ಮಾಡಲಿಕ್ಕೆ ಉಂಟಾ? ಅಪ್ಪನಿಗೆ ಹೇಳಬೇಡ."

ಅವಳ ಚಿಂತೆಯೆಲ್ಲ ಮಡಿಯದ್ದು, ರಕ್ತದ್ದಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಕಾರ್ಕಳದಲ್ಲಿ ನಾನು ಪಾಠ ಮಾಡುತ್ತಿದ್ದ ಶಾಲೆಗೆ ರಜೆ ಹಾಕಿ, ಅವಳನ್ನು ಮಣಿಪಾಲಕ್ಕೆ ಕರೆದೊಯ್ದೆ. ಗರ್ಭಕೋಶದ ಒಳಪದರದ ಕ್ಯಾನ್ಸರ್ ಎಂದರು. ಆಪರೇಶನ್ ಆಯಿತು.

"ಇನ್ನು ಭಯ ಇಲ್ವಲ್ಲ?" ಎಂದು ಅಪ್ಪ ಕೇಳಿದರು.

"ತೆಗೆದದ್ದನ್ನು ಪರೀಕ್ಷೆ ಮಾಡಬೇಕು," ಎಂದರು ಡಾಕ್ಟರಮ್ಮ. "ಸ್ನಾಯುವಿನೊಳಗೆ ಎಷ್ಟು ಆಳ ಇಳಿದಿದೆ, ಗ್ರಂಥಿಗಳಿಗೆ ಹಬ್ಬಿದೆಯಾ ಅಂತ ನೋಡಿ ಒಂದು ಅಂದಾಜು ಹೇಳಬಹುದು."

ರಿಪೋರ್ಟು ಬಂದ ದಿನ ನನಗೆ ಪರೀಕ್ಷೆಯ ಡ್ಯೂಟಿ. ಅಪ್ಪ ಒಬ್ಬರೇ ಹೋಗಿ ಬಂದರು. "ಎಂತದೂ ಇಲ್ಲ. ಎಲ್ಲ ತೆಗೆದಾಗಿದೆ. ಮುಂಜಾಗ್ರತೆಗೆ ಸ್ವಲ್ಪ ರೇಡಿಯೇಶನ್ ಕರೆಂಟು ಕೊಡುತ್ತಾರಂತೆ, ಅಷ್ಟೆ," ಎಂದರು. ಹೇಳುವಾಗ ಅವರು ಚಪ್ಪಲಿಯನ್ನೇ ನೋಡುತ್ತಿದ್ದರು.

ಅಪ್ಪ ಪುರೋಹಿತರು. ಕಲ್ಯಾಣಪುರದಿಂದ ಉಚ್ಚಿಲದವರೆಗೆ ಅವರು ಉಣ್ಣದ ಸಮಾರಂಭವಿಲ್ಲ. ಅಮ್ಮನ ಅಡುಗೆಯಲ್ಲಿ ತಪ್ಪು ಹುಡುಕದೆ ಕೈ ತೊಳೆದವರಲ್ಲ. ಅಮ್ಮ ಸ್ವಲ್ಪ ಚೇತರಿಸಿಕೊಂಡು ಮೊದಲ ಸಲ ಗುಳ್ಳಬದನೆಯ ಹುಳಿ ಮಾಡಿದ ದಿನ ಅವರು, "ಹುಳಿ ಒಳ್ಳೆಯದಾಗಿದೆ. ಇನ್ನೊಂದು ಸೌಟು ಹಾಕು," ಎಂದರು.

ಅಮ್ಮನ ಕೈಯಲ್ಲಿ ಸೌಟು ನಿಂತೇ ಹೋಯಿತು. ನಾನು ಬಾಯಿಗಿಟ್ಟು ನೋಡಿದೆ. ಹುಳಿಗೆ ಉಪ್ಪೇ ಹಾಕಿರಲಿಲ್ಲ.

ಅಡುಗೆಮನೆಯಲ್ಲಿ ಅಮ್ಮ ಮೆಲ್ಲಗೆ ಹೇಳಿದಳು: "ಕೇಳಿದೆಯಾ? ನಾನು ಬದುಕುವುದಿಲ್ಲ."

ಮರುದಿನವೇ ನಾನು ಮಣಿಪಾಲಕ್ಕೆ ಹೋದೆ. "ಒಂದು ಗ್ರಂಥಿಗೆ ಹಬ್ಬಿದೆ. ನಿಮ್ಮ ತಂದೆಗೆ ಹೇಳಿದ್ದೇನಲ್ಲ?" ಎಂದರು ಡಾಕ್ಟರಮ್ಮ. ಮರಳಿ ಬರಬಹುದು, ಬಾರದೆಯೂ ಇರಬಹುದು. ನಿಮ್ಮ ಅಮ್ಮನಿಗೆ ಏನಾಗುತ್ತದೆ ಎಂದು ಖಂಡಿತವಾಗಿ ಹೇಳಲಾಗದು ಎಂದೂ ಅಂದರು. ಎಲ್ಲಿಯವರೆಗೆ ಹೋಗಿದೆ ಎಂದು ತಿಳಿದವರಿಗೆ ಇನ್ನೆಲ್ಲಿಗೆ ಹೋಗುತ್ತದೆ ಎಂದು ತಿಳಿಯದೆ? ಇವರೂ ಏನೋ ಮುಚ್ಚಿಡುತ್ತಿದ್ದಾರೆ ಎಂದೇ ನನಗೆ ಅನಿಸಿತು.

ಮನೆಗೆ ಬಂದು ಅಪ್ಪನ ಮೇಲೆ ಹರಿಹಾಯ್ದೆ. "ಸುಳ್ಳು ಯಾಕೆ ಹೇಳಿದಿರಿ?"

"ಊರವರ ಜಾತಕ ನೋಡಿ ಹೇಳುವವ ನಾನು," ಎಂದರು ಅಪ್ಪ. "ಅವಳದ್ದನ್ನು ತೆಗೆಯಲಿಕ್ಕೆ ಕೈ ಬರುವುದಿಲ್ಲ." ಅಪ್ಪ ಅತ್ತದ್ದನ್ನು ನಾನು ಕಂಡದ್ದು ಅಂದು ಮಾತ್ರ.

ಅಮ್ಮನಿಗೆ ನಿಜ ಹೇಳಿದೆವು. ಕರೆಂಟು ಕೊಟ್ಟು ಮುಗಿಯಿತು. ಆಮೇಲೆ ತಪಾಸಣೆಗೆಂದು ಬಸ್ಸು ಹತ್ತುವುದೇ ನಮ್ಮ ಕೆಲಸವಾಯಿತು. ಪ್ರತಿಸಲವೂ ಡಾಕ್ಟರಮ್ಮ "ಏನೂ ಕಾಣುವುದಿಲ್ಲ" ಎನ್ನುತ್ತಿದ್ದರು. ಪ್ರತಿಸಲವೂ ಅಪ್ಪ ಮನೆಯಲ್ಲಿ ಹುಳಿಯನ್ನು ಹೊಗಳುತ್ತಿದ್ದರು. ನಾವಿಬ್ಬರು ಹೆಂಗಸರು ನಂಬಿದ್ದು ಹುಳಿಯನ್ನು.

ಹೀಗೆ ವರ್ಷಗಳು ಕಳೆದವು. ಒಂದು ದಿನ ಡಾಕ್ಟರಮ್ಮ ಅಪ್ಪನನ್ನೂ ಒಳಗೆ ಕರೆದು, "ಇಷ್ಟು ವರ್ಷ ಬಾರದ್ದು ಇನ್ನು ಬರುವ ಸಂಭವ ತೀರಾ ಕಡಿಮೆ. ಇನ್ನು ವರ್ಷಕ್ಕೊಮ್ಮೆ ಬಂದರೆ ಸಾಕು," ಎಂದರು. ಅಮ್ಮ ನನ್ನ ಮುಖ ನೋಡಿದಳು. ನಾನು ನಂಬಿರಲಿಲ್ಲ.

ಮರುದಿನ ಮಧ್ಯಾಹ್ನ ಅಪ್ಪ ಅನ್ನ ಕಲಸಿ ಒಂದು ತುತ್ತು ಬಾಯಿಗಿಟ್ಟು ಹುಬ್ಬು ಗಂಟಿಕ್ಕಿದರು.

"ಇದೆಂತ, ಹುಳಿಯಾ, ಸಮುದ್ರದ ನೀರಾ? ಇಷ್ಟು ವರ್ಷ ಅಡುಗೆ ಮಾಡಿಯೂ ಉಪ್ಪಿನ ಅಂದಾಜು ಇಲ್ವಾ ನಿನಗೆ?"

ನನ್ನ ಬಾಯಿಗೆ ಉಪ್ಪು ಸರಿಯಾಗಿಯೇ ಇತ್ತು. ಅಮ್ಮ ಗೋಡೆಯತ್ತ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಗಟ್ಟಿ ದನಿಯಲ್ಲಿ, "ಬೇಡದಿದ್ದರೆ ಬಿಡಿ, ನಾಳೆ ನೀವೇ ಮಾಡಿ" ಎಂದಳು.