ಪಕ್ಕದ ಮನೆಯ ಟಿವಿಯಲ್ಲಿ ಅಜ್ಜಿಯ ದನಿ

ನಾನು ಚಿಕ್ಕವಳಿದ್ದಾಗ ಕನ್ನಡ ನಮ್ಮ ಹೊಸ್ತಿಲು ದಾಟುತ್ತಿರಲಿಲ್ಲ. ನಮ್ಮದು ತಮಿಳುನಾಡಿನ ಅವಿನಾಶಿ ಊರು. ತಲೆಮಾರುಗಳ ಹಿಂದೆಯೇ ಕನ್ನಡ ನಾಡಿನಿಂದ ಬಂದು ನೆಲೆಸಿದ ನೇಕಾರರ ಮನೆತನ. ಶಾಲೆ, ಅಂಗಡಿ, ಬೀದಿ ಎಲ್ಲ ತಮಿಳು. ಊಟಕ್ಕೆ ಕೂತಾಗ ಮಾತ್ರ ಕನ್ನಡ. ಓದಲು ಯಾರಿಗೂ ಬರುತ್ತಿರಲಿಲ್ಲ. ಅದು ನಮ್ಮ ಹತ್ತು ಹದಿನೈದು ಮನೆಯವರ ಮಾತು ಎಂದೇ ನಾನು ತಿಳಿದಿದ್ದೆ.

ಆಗೊಂದು ವರ್ಷ ಬೆಂಗಳೂರಿನಲ್ಲಿ ಹೊಸದೊಂದು ಕನ್ನಡ ಚಾನೆಲ್ ಶುರುವಾಗಿತ್ತು. ಮೊದಮೊದಲು ಸಂಜೆ ಮಾತ್ರ. ಆಮೇಲೆ ದಿನವಿಡೀ ಧಾರಾವಾಹಿ, ಸಿನಿಮಾ, ಹಾಡು, ನಡುನಡುವೆ ಸೋಪಿನ ಜಾಹೀರಾತು. ಅಪ್ಪ ಕೇಬಲ್‌ನವನ ಬೆನ್ನು ಹತ್ತಿ ಅದನ್ನು ಹಾಕಿಸಿದರು. ಮೊದಲ ದಿನ ಧಾರಾವಾಹಿಯ ಹೆಂಗಸೊಬ್ಬಳು "ಊಟ ಆಯ್ತಾ?" ಎಂದಾಗ, ಅಜ್ಜಿ "ಆಯ್ತಮ್ಮಾ" ಎಂದು ಉತ್ತರ ಕೊಟ್ಟೇಬಿಟ್ಟಳು.

ಶನಿವಾರ ಮಧ್ಯಾಹ್ನ ಒಂದು ನೇರ ಪ್ರಸಾರವಿತ್ತು. ಫೋನ್ ಮಾಡಿದವರೊಂದಿಗೆ ಮಾತಾಡಿ, ಅವರು ಕೇಳಿದ ಹಾಡು ಹಾಕುತ್ತಿದ್ದರು. ಅಕ್ಕ ವಾರಗಟ್ಟಲೆ ನಂಬರ್ ಒತ್ತಿದಳು. ಬರೀ ಎಂಗೇಜ್ ಸದ್ದು. ಒಂದು ಶನಿವಾರ ಲೈನ್ ಸಿಕ್ಕಿಬಿಟ್ಟಿತು! ಅಪ್ಪ ಓಡಿಹೋಗಿ ಹಿಂದಿನ ಶೆಡ್ಡಿನ ಆರೂ ಮಗ್ಗ ನಿಲ್ಲಿಸಿದರು. ಹುಟ್ಟಿದಾಗಿನಿಂದ ಕೇಳುತ್ತಿದ್ದ ಆ ಟಕಟಕ ನಿಂತದ್ದೇ ನನ್ನ ಕಿವಿ ಗುಂಯ್ ಎಂದಿತು.

"ನಿಮ್ಮ ಟಿವಿ ವಾಲ್ಯೂಮ್ ಕಡಿಮೆ ಮಾಡ್ಕೊಳ್ಳಿ" ಎಂದಳು ನಿರೂಪಕಿ. ಅಕ್ಕ ಸದ್ದು ಪೂರ್ತಿ ಇಳಿಸಿದಳು. ಹಾಗಾದರೆ ಅವಳ ದನಿ ಟಿವಿಯಲ್ಲಿ ಬರುವುದನ್ನು ಕೇಳುವವರು ಯಾರು? ನಾನು ಬರಿಗಾಲಲ್ಲಿ ಪಕ್ಕದ ಮನೆಗೆ ಓಡಿದೆ. ಅಲ್ಲಿನ ತಮಿಳು ಅತ್ತೆಯನ್ನು ಒಂದು ಮಾತೂ ಕೇಳದೆ ಚಾನೆಲ್ ತಿರುಗಿಸಿದೆ.

ಟಿವಿಯೊಳಗೆ ಅಕ್ಕ ಇದ್ದಳು! ಮುಖವಿಲ್ಲ, ದನಿ ಮಾತ್ರ. "ಕೊಯಮತ್ತೂರು ಪಕ್ಕ ಅವಿನಾಶಿಯಿಂದ ಪೇಸ್ತಾ... ಮಾತಾಡ್ತಾ ಇದ್ದೀನಿ" ಎಂದು ನಡುವೆ ತಮಿಳು ನುಸುಳಿ ತಡವರಿಸಿದಳು.

"ಅಲ್ಲೂ ಕನ್ನಡ ಮಾತಾಡ್ತಾರಾ?" ನಿರೂಪಕಿ ನಕ್ಕಳು.

ಅಕ್ಕನ ದನಿ ಉಡುಗಿಹೋಯಿತು. ಇಷ್ಟು ವಾರ ಕಾದು ಈಗ ಫೋನ್ ಇಟ್ಟೇಬಿಡುತ್ತಾಳೆ ಎಂದು ನನಗೆ ಅಳು ಬಂತು. ಅಷ್ಟರಲ್ಲಿ ಇನ್ನೊಂದು ದನಿ ಕೇಳಿತು. "ನಾವು ಅಳೋದೂ ನಗೋದೂ ಇದ್ರಲ್ಲೇ ತಾಯಿ. ನಿಂಗೆ ತಿಳೀತಾ ಇದೆ ತಾನೆ?"

ಅಜ್ಜಿ! ಫೋನ್ ಮುಟ್ಟಲೂ ಹೆದರುತ್ತಿದ್ದ ನಮ್ಮ ಅಜ್ಜಿ!

ನಿರೂಪಕಿಯ ನಗು ನಿಂತಿತು. "ಚೆನ್ನಾಗಿ ತಿಳೀತಿದೆ ಅಜ್ಜಿ. ಯಾವ ಹಾಡು ಹಾಕ್ಲಿ?"

"ಸಿನಿಮಾ ಹಾಡು ನಂಗೆ ಗೊತ್ತಿಲ್ಲ. ನಾನೇ ಹಾಡ್ಲಾ?" ಎಂದವಳೇ, ತನ್ನ ಅವ್ವ ನೂಲು ಸುತ್ತುತ್ತಾ ಹಾಡುತ್ತಿದ್ದ ಹಾಡನ್ನು ಎತ್ತಿಕೊಂಡಳು. ನಿರೂಪಕಿ ಕೈಯಲ್ಲಿದ್ದ ಚೀಟಿ ಕೆಳಗಿಟ್ಟಳು. ಒಂದಕ್ಷರ ತಿಳಿಯದ ಪಕ್ಕದ ಮನೆಯ ಅತ್ತೆ ಕೆನ್ನೆಗೆ ಕೈಯಿಟ್ಟು "ಪಾಟ್ಟಿ... ನಮ್ಮ ಪಾಟ್ಟಿ!" ಎಂದು ತಮಿಳಿನಲ್ಲಿ ಅಜ್ಜಿಯನ್ನು ಕರೆಯುತ್ತಿದ್ದಳು. ಹಾಡು ಮುಗಿಯುವ ತನಕ ಒಂದು ಜಾಹೀರಾತೂ ಬರಲಿಲ್ಲ.

ಮಕ್ಕಳೇ, ನೀವು ಹಲ್ಲುಜ್ಜುವುದನ್ನೂ ಫೋನಿನಲ್ಲಿ ಹಿಡಿದು ಊರಿಗೆಲ್ಲ ಕಳಿಸುತ್ತೀರಿ, ಬೇಸರವಾದರೆ ಅಳಿಸುತ್ತೀರಿ. ಆ ಹಾಡಿನ ವಿಡಿಯೋ ತೋರಿಸು ಎಂದು ನಿನ್ನೆ ಕೇಳಿದಿರಲ್ಲ, ಅದು ಎಲ್ಲೂ ಇಲ್ಲ. ಯಾರೂ ಹಿಡಿದಿಡಲಿಲ್ಲ. ಅಜ್ಜಿಯ ದನಿ ತಂತಿಯಲ್ಲಿ ಬೆಂಗಳೂರಿಗೆ ಹೋಗಿ, ಆಕಾಶಕ್ಕೇರಿ, ಮತ್ತೆ ಪಕ್ಕದ ಮನೆಗೇ ಇಳಿದು ಬಂದಿತ್ತು. ನಾನು ಬಾಯಿ ತೆರೆದು ನಿಂತಿದ್ದೆ. ಈಗಲೂ ನೆನೆದರೆ ಹಾಗೇ ನಿಂತುಬಿಡುತ್ತೇನೆ.