ಚೈನಾ ಬ್ಯಾಟರಿ, ಅಣ್ಣನ ಹೊಸ ಮನೆ

ಗೃಹಪ್ರವೇಶದಲ್ಲಿ ಹಾಲು ಉಕ್ಕಿಸೋದು ಯಜಮಾನನ ಅಕ್ಕತಂಗಿಯರು. ಅಣ್ಣನಿಗೆ ನ್ಯೂಜಿಲೆಂಡಿನಲ್ಲಿ ಒಡಹುಟ್ಟಿದವರು ಯಾರೂ ಇಲ್ಲ. ಹಾಗಾಗಿ ರೊಟೊಟೂನದ ಅವರ ಹೊಸ ಮನೆಗೆ ನಾವಿರೋ ಪಾಪಟೊಯಿಟೊಯಿಯಿಂದ ನಾನು ಹೊರಟೆ, ಹೊಸ ಸ್ಟೀಲ್ ಪಾತ್ರೆ ತೊಡೆ ಮೇಲಿಟ್ಟುಕೊಂಡು.

ಅಣ್ಣ ಅಂದರೆ ರಕ್ತಸಂಬಂಧವಲ್ಲ. ನಾನು ಮೈಸೂರಿನಿಂದ ನರ್ಸ್ ಕೆಲಸಕ್ಕೆ ಬಂದ ವರ್ಷ ಕನ್ನಡ ಕೂಟದಲ್ಲಿ ಸಿಕ್ಕವರು. ಆ ಗೌರಿ ಹಬ್ಬಕ್ಕೆ, "ತವರಿಲ್ಲ ಅಂತ ಕೊರಗಬೇಡ ಕಣಮ್ಮ" ಅಂತ ನನ್ನನ್ನೂ ನನ್ನ ಗಂಡನನ್ನೂ ಮನೆಗೆ ಕರೆದು, ಅತ್ತಿಗೆ ಕೈಯಲ್ಲಿ ಸೀರೆ, ಬಾಗಿನ ಕೊಡಿಸಿದರು. ಆಮೇಲೆ ಪ್ರತಿ ವರ್ಷವೂ. ಅಂಥವರನ್ನ ಅಣ್ಣ ಅನ್ನದೆ ಇನ್ನೇನನ್ನಲಿ?

ಷೇರಿನ ಗಂಧಗಾಳಿ ನನಗಿರಲಿಲ್ಲ. ಕಣ್ಣಂತೂ ಇತ್ತು. ವಾರ್ಡಿಗೆ ಬಂದ ಹೊಸ ಮಾನಿಟರು ಚೈನಾದ್ದು, ಸದ್ದೇ ಮಾಡದೆ ಬರೋ ಬಸ್ಸು ಚೈನಾದ್ದು, ಆಸ್ಪತ್ರೆ ಕಾರ್ ಪಾರ್ಕಿನಲ್ಲಿ ದಿನಕ್ಕೊಂದು ಚೈನಾ ಕಾರು. ಯಾರಪ್ಪ ಇವರು ಅಂತ ಟೀ ಹೊತ್ತಿನಲ್ಲಿ ಓದೋಕೆ ಶುರು ಮಾಡಿದೆ. ತಿಂಗಳುಗಟ್ಟಲೆ ಓದಿ, ಅಲ್ಲಿನ ಒಂದು ಬ್ಯಾಟರಿ ಕಂಪನಿ ಬಗ್ಗೆ ಒಂದು ನೋಟ್‌ಬುಕ್ ಪೂರ್ತಿ ಬರೆದೆ. ಮೊದಲ ಪುಟದಲ್ಲೇ ಬರೆದಿದ್ದೆ: "ಕಾರಿನ ಮೂತಿ ಮೇಲೆ ಯಾರ ಹೆಸರಾದರೂ ಇರಲಿ, ಹೊಟ್ಟೆಯೊಳಗೆ ಇವರ ಬ್ಯಾಟರಿ." ಮನೆಗೆ ಅಂತ ಕೂಡಿಟ್ಟದ್ದನ್ನ ಅದಕ್ಕೇ ಹಾಕೋಣ ಅಂತ ಗಂಡನೂ ಒಪ್ಪಿದ. ಆದರೆ ದೊಡ್ಡವರನ್ನ ಒಂದು ಮಾತು ಕೇಳದೆ ಹೇಗೆ? ಅಣ್ಣ ಸಾಫ್ಟ್‌ವೇರಿನವರು, ತಿಳಿದವರು. ನೋಟ್‌ಬುಕ್ ಒಯ್ದು ಅವರ ಕೈಗಿಟ್ಟೆ.

ಎರಡು ವಾರ ಇಟ್ಟುಕೊಂಡರು. ಕೂಟದ ಊಟದಲ್ಲಿ ಎಲ್ಲರೆದುರು ವಾಪಸ್ ಕೊಟ್ಟು, "ಚೈನಾ ಮಾಲು ಕಣಮ್ಮ! ಸಂತೇಲಿ ತಗೊಂಡ ಟಾರ್ಚು ಮನೆ ಮುಟ್ಟೋದ್ರೊಳಗೆ ಕೈ ಕೊಡ್ತಿರಲಿಲ್ವಾ? ಸುಮ್ನೆ ಬ್ಯಾಂಕಲ್ಲಿಡು" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಬ್ಯಾಂಕಲ್ಲೇ ಇಟ್ಟೆ.

ಆಮೇಲೆ ಆ ಷೇರು ಏರಿದ್ದೇ ಏರಿದ್ದು. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಅಣ್ಣನ ಮುಂದೆ ಆ ಮಾತು ಎತ್ತಲೇ ಇಲ್ಲ. ಪಾಪ, ತಾನು ಹೇಳಿದ್ದು ತಪ್ಪಾಯ್ತು ಅಂತ ನೊಂದುಕೊಳ್ಳುತ್ತಾರೆ ಅಂತ! ನನ್ನ ಪೆದ್ದುತನಕ್ಕೆ ಏನನ್ನಬೇಕು ಹೇಳಿ.

ಹೊಸ ಮನೆಯಲ್ಲಿ ಪಾತ್ರೆಗೆ ಅರಿಶಿನ ಕುಂಕುಮ ಹಚ್ಚಿ, ನೀಲಿ ಮುಚ್ಚಳದ ಬಾಟಲಿಯ ಹಾಲು ಸುರಿದು, ಇಂಡಕ್ಷನ್ ಒಲೆ ಮೇಲಿಟ್ಟೆ. ಅತ್ತಿಗೆ ಆರತಿ ತಟ್ಟೆ ಹಿಡಿದು ಪಕ್ಕದಲ್ಲಿ ನಿಂತಿದ್ದರು. ಬಾಗಿಲಾಚೆ ಯಾರೋ ಅಣ್ಣನನ್ನ ಕೇಳಿದರು, "ಇಷ್ಟು ದೊಡ್ಡ ಮನೆ ಹೇಗೆ ಮಾಡಿದ್ರಿ ಮಾರಾಯ್ರೆ?"

"ಎಲ್ಲಾ ಒಂದು ಚೈನಾ ಬ್ಯಾಟರಿ ಕಂಪನಿ ಕೃಪೆ. ಯಾರಿಗೂ ನಂಬಿಕೆ ಇಲ್ಲದಾಗ ನಾನು ಸ್ಟಡಿ ಮಾಡಿ ಹಾಕಿದೆ. ಕಾರಿನ ಮೂತಿ ಮೇಲೆ ಯಾರ ಹೆಸರಾದರೂ ಇರಲಿ ಸಾರ್, ಹೊಟ್ಟೆಯೊಳಗೆ ಇವರ ಬ್ಯಾಟರಿ."

ಒಳಗೊಳಗೇ ಕೇಳಿದೆ: ನೀವೂ ಹಾಕಿ, ಅಣ್ಣ, ಬೇಡ ಅಂದವರು ಯಾರು? ನೂರು ಮನೆ ಕಟ್ಟಿ. ನನ್ನನ್ನ ಯಾಕೆ ತಡೆದಿರಿ? ಅತ್ತಿಗೆ ಮುಖ ನೋಡಿದೆ. ಅವರು ಕಣ್ಣು ತಗ್ಗಿಸಿದರು. ಅಂದರೆ ಅವರಿಗೂ ಗೊತ್ತಿತ್ತು. ಇಷ್ಟು ವರ್ಷ ಬಾಗಿನ ಕೊಡುವಾಗಲೂ.

ಹಾಲು ಅಂಚಿಗೆ ಬಂತು. ಎಲ್ಲರೂ ಒಳಗೆ ಬಂದು ಫೋನ್ ಎತ್ತಿ ನಿಂತರು. ನಾನು ಒಲೆ ಆಫ್ ಮಾಡಿದೆ. ನೊರೆ ಕೆಳಗಿಳಿಯಿತು.

"ಯಾಕಮ್ಮ, ಏನಾಯ್ತು?" ಅಂದರು ಅಣ್ಣ.

"ತಂಗಿ ಅಂತ ಯಾರಾದರೂ ಇದ್ದರೆ ಅವಳ ಕೈಲಿ ಉಕ್ಕಿಸಿ," ಅಂದು ಪಾತ್ರೆ ಅಲ್ಲೇ ಬಿಟ್ಟು ಚಪ್ಪಲಿ ಮೆಟ್ಟಿಕೊಂಡೆ.